ನೆಟ್ಟಿನ ಆ ಬದಿ

೨೦೧೮ರ ಮಾರ್ಚ್ ೬, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಅಮ್ಮನ ಫೋಟೋ ಮುಂಬಾಗಿಲಲ್ಲಿ ಸಿಕ್ಕಿಕೊಂಡಿತು.

“ಓರೆ ಮಾಡೋ. ಇನ್ನೂ ಓರೆ,” ಎಂದು ಅಪ್ಪ ಒಳಗಿನಿಂದ ಕೂಗಿದ.

“ಇದಕ್ಕಿಂತ ಓರೆ ಮಾಡಿದ್ರೆ ನಾನೇ ಉರುಳಿ ಬೀಳ್ತೀನಿ ಅಣ್ಣ,” ಎಂದ ಮೆಟ್ಟಿಲ ಮೇಲೆ ಹಿಮ್ಮುಖವಾಗಿ ನಿಂತಿದ್ದ ಚಿಕ್ಕಪ್ಪ. “ಅಲ್ಲ, ಇದು ಒಳಗೆ ಹೇಗೆ ಬಂತು?”

“ಬರಲಿಲ್ಲ. ಒಳಗೇ ಕಟ್ಟಿದ್ದು.”

“ಸರಿಹೋಯ್ತು. ಹೊರಗೆ ಹೋಗೋ ದಿನ ಬರುತ್ತೆ ಅಂತ ನಿನಗೆ ಹೊಳೀಲೇ ಇಲ್ವಾ?”

ಹೇಳಿಬಿಟ್ಟ ಮೇಲೆ ಚಿಕ್ಕಪ್ಪನಿಗೆ ತಾನು ಏನು ಹೇಳಿದೆ ಎಂದು ಗೊತ್ತಾಯಿತು. ಅವನು ತಲೆ ತಗ್ಗಿಸಿ ಚೌಕಟ್ಟಿನ ಮೂಲೆಯನ್ನೇ ನೋಡತೊಡಗಿದ. ನಡುವೆ ಕೆಳಗಿನ ಅಂಚು ಹಿಡಿದು ಕೂತಿದ್ದ ಮಗಳು, “ಬಾಗಿಲೇ ಬಿಚ್ಚೋಣ,” ಎಂದಳು. ಅಪ್ಪ ತಿರುಪುಳಿ ತಂದು ಕೀಲುಗಳನ್ನು ಬಿಚ್ಚಿದ. ಬಾಗಿಲನ್ನು ಗೋಡೆಗೆ ಒರಗಿಸಿಟ್ಟು, ತೆರೆದ ಮನೆಯನ್ನು ಪಕ್ಕದವರಿಗೆ ಒಪ್ಪಿಸಿ, ಮೂವರೂ ಹೊರಟರು.

ಫೋಟೋಗಳಿಗೆ ಕಟ್ಟು ಹಾಕುವುದು ಅಪ್ಪನ ಕಸುಬು. ಮನೆಯ ಕೆಳಗೇ ಅಂಗಡಿ. ಊರಿನ ಅರ್ಧದಷ್ಟು ಮದುವೆ, ಪದವಿ, ನಿವೃತ್ತಿಗಳೆಲ್ಲ ಅವನ ಕೈಯಿಂದಲೇ ಗಾಜಿನ ಹಿಂದೆ ಸೇರಿದ್ದವು. ಆದರೆ ಅವನು ಮಾಡಿದ ಕಟ್ಟುಗಳಲ್ಲೆಲ್ಲ ದೊಡ್ಡದು ಇದು. ಬಿಳಿ ಬಟ್ಟೆಯ ತರುಣಿಯೊಬ್ಬಳು ಬಲಗೈಯನ್ನು ಪೂರ್ತಿ ಚಾಚಿ ಚೆಂಡಿಗೆ ಹೊಡೆಯುತ್ತಿದ್ದಾಳೆ. ಕಪ್ಪು ಬಿಳುಪು ಚಿತ್ರ. ಮುಖದ ಮುಕ್ಕಾಲು ಭಾಗ ತೋಳಿನ ಮರೆಯಲ್ಲಿದೆ. ಗಲ್ಲ ಕಾಣುತ್ತದೆ, ಎತ್ತಿ ಕಟ್ಟಿದ ಕೂದಲು ಕಾಣುತ್ತದೆ, ಚೆಂಡು ತಂತಿಗಳ ನಡುವೆ ಚಪ್ಪಟೆಯಾದದ್ದೂ ಕಾಣುತ್ತದೆ. ಅಮ್ಮ ಕಾಲೇಜಿನಲ್ಲಿ ಟೆನಿಸ್ ಆಡುತ್ತಿದ್ದ ಕಾಲದ ಚಿತ್ರ ಮನೆಯಲ್ಲಿದ್ದದ್ದು ಇದೊಂದೇ.

ಅಮ್ಮ ಭಾನುವಾರ ಬೆಳಿಗ್ಗೆ ಹಾಲಿನ ಅಂಗಡಿಯ ಸಾಲಿನಲ್ಲಿ ನಿಂತಲ್ಲೇ ಕುಸಿದಿದ್ದಳು. ಅರವತ್ತೊಂದು ವರ್ಷ.

*

ಸ್ಮಶಾನದ ಪಕ್ಕದ ಸಭಾಂಗಣದಲ್ಲಿ ಅಮ್ಮನ ಶವಪೆಟ್ಟಿಗೆ ಇಟ್ಟಿದ್ದರು. ಒಂದೂವರೆಗೆ ಮುಚ್ಚಳ ಹಾಕುತ್ತೇವೆ ಎಂದು ಅಲ್ಲಿನವರು ಹೇಳಿಬಿಟ್ಟಿದ್ದರು. ಮೂರು ಗಂಟೆಗೆ ಇನ್ನೊಬ್ಬರಿಗೆ ಆ ಕೋಣೆ ಬೇಕಿತ್ತು. ಅಮ್ಮನ ಕೈಗಳನ್ನು ಎದೆಯ ಮೇಲೆ ಮಡಚಿಟ್ಟಿದ್ದರು. ತಲೆಯ ಹತ್ತಿರ ಮರದ ಸ್ಟ್ಯಾಂಡಿನ ಮೇಲೆ ಫೋಟೋ. ಅಪ್ಪ ಹಿಂದೆ ಸರಿದು ನೋಡುತ್ತಿದ್ದ, ಮುಂದೆ ಹೋಗಿ ಎಡ ಮೂಲೆಯನ್ನು ಕೂದಲೆಳೆಯಷ್ಟು ಎತ್ತುತ್ತಿದ್ದ, ಮತ್ತೆ ಹಿಂದೆ ಸರಿಯುತ್ತಿದ್ದ.

“ಒಂದು ನಿಮಿಷ ಕೂತ್ಕೊಳೋ,” ಎಂದಳು ಅವನ ಅಕ್ಕ. ಮಗಳಿಗೆ ಅವಳು ಸೋದರತ್ತೆ. “ಅವಳ ಕಾಯಿಲೆ ನಿನಗೂ ಅಂಟ್ಕೊಂಡಿದೆ.”

“ಅವಳಿಗೆ ಯಾವ ಕಾಯಿಲೆ ಇತ್ತು?”

“ಕೂರಕ್ಕಾಗದ ಕಾಯಿಲೆ. ನಾನು ನೋಡಿದ ಹಾಗೆ ಅವಳು ಊಟಕ್ಕೂ ಸರಿಯಾಗಿ ಕೂತವಳಲ್ಲ. ಟೆಲಿಫೋನ್ ಆಫೀಸಿನ ಕೌಂಟರಲ್ಲಿ ಕುರ್ಚಿ ಇಟ್ಕೊಂಡು ನಿಂತು ಕೆಲಸ ಮಾಡ್ತಿದ್ದೋಳು ಇವಳೊಬ್ಬಳೇ. ಜನ ಸಂಬಳ ಕೇಳೋಕೆ ನಿಂತಿದಾಳೆ ಅಂದ್ಕೋತಿದ್ರು.”

ಅಪ್ಪ ನಕ್ಕ. ನಕ್ಕವನು ಅಲ್ಲೇ ನಿಲ್ಲಲಾಗದೆ ಕಿಟಕಿಯ ಹತ್ತಿರ ಹೋಗಿ, ಅದರ ಚಿಲಕ ಹಾಕಿ, ಮತ್ತೆ ತೆಗೆದ.

ಮಗಳಿಗೂ ಕೂರಲಾಗುತ್ತಿರಲಿಲ್ಲ. ಬಂದವರಿಗೆ ಬಾಗಿಲಲ್ಲಿ ನಮಸ್ಕಾರ, ನೀರು, ಕುರ್ಚಿ. ಹನ್ನೊಂದರ ಹೊತ್ತಿಗೆ ಕಾಲೇಜಿನ ಕೋಚ್ ಮೇಡಂ ಬಂದರು. ಈಗಿನ ಹೆಣ್ಣುಮಕ್ಕಳ ಟೆನಿಸ್ ತಂಡಕ್ಕೆ ತರಬೇತಿ ಕೊಡುವವರು. ಮಗಳಿಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ಕೈಯಲ್ಲಿದ್ದ ಹಾಳೆ ನೋಡಿಕೊಂಡು, ಗಂಟಲು ಸರಿಮಾಡಿಕೊಂಡು, ಕುರ್ಚಿಯಲ್ಲಿ ಕೂತವರಿಗೆಲ್ಲ ಕೇಳುವಂತೆ ಹೇಳಿದರು: ಇವರು ಮೂರು ವರ್ಷವೂ ತಂಡದ ಮೊದಲ ಸ್ಥಾನದ ಆಟಗಾರ್ತಿ. ಎರಡು ವರ್ಷ ನಾಯಕಿ. ಎರಡು ಸಲ ವಿಶ್ವವಿದ್ಯಾಲಯದ ಸಿಂಗಲ್ಸ್ ಚಾಂಪಿಯನ್, ಒಂದು ಸಲ ಡಬಲ್ಸ್. ೧೯೭೮ರಲ್ಲಿ, ಅಂದರೆ ಕೊನೆಯ ವರ್ಷ, ಒಂದು ಪಂದ್ಯವನ್ನೂ ಸೋಲಲಿಲ್ಲ. ಆಮೇಲೆ ಬಂದ ಯಾರೂ ಇದನ್ನು ಸರಿಗಟ್ಟಿಲ್ಲ.

“ಒಂದನ್ನೂ?” ಎಂದು ಚಿಕ್ಕಪ್ಪ ಪಿಸುಗುಟ್ಟಿದ. “ನನ್ನ ಜೊತೆ ಕೇರಂ ಆಡಿ ಸೋಲ್ತಿದ್ರಲ್ಲ ಅತ್ತಿಗೆ.”

“ಬೇಕಂತಲೇ ಸೋಲ್ತಿದ್ದಳು ಕಣೋ,” ಎಂದಳು ಸೋದರತ್ತೆ. “ನೀನು ಅಳ್ತಿದ್ದೆ.”

ಮಾತು ಮುಗಿಸಿದ ಕೋಚ್ ಮೇಡಂ ಮಗಳನ್ನು ಪಕ್ಕಕ್ಕೆ ಕರೆದರು. “ಇವತ್ತು ಕೇಳೋದಕ್ಕೆ ಸಂಕೋಚ ಆಗುತ್ತೆ. ಶನಿವಾರ ಹೊಸ ಕೋರ್ಟ್ ಶುರು ಆಗುತ್ತೆ ಅಂತ ಹೋದ ತಿಂಗಳು ಹೇಳಿದ್ನಲ್ಲ. ಬಾಗಿಲ ಹತ್ರ ಗಾಜಿನ ಫಲಕ, ಅದ್ರಲ್ಲಿ ಅಮ್ಮನ ಚಿತ್ರ ಕೆತ್ತೋದು. ಗಾಜಿನವರು ಇವತ್ತು ಒಂದು ಗಂಟೆ ಒಳಗೆ ಚಿತ್ರ ಕಳಿಸಿ ಅಂತಿದಾರೆ. ಅಪ್ಪ ಕಳಿಸಿದ ಈ ಫೋಟೋನೇ ಅಲ್ವಾ? ಖಾತ್ರಿ ಮಾಡ್ಕೊಂಡು ಬಿಡೋಣ ಅಂತ.”

“ಇದೇ. ಬೇರೆ ಇಲ್ಲ,” ಎಂದಳು ಮಗಳು.

*

ಹನ್ನೊಂದೂಮುಕ್ಕಾಲರ ಸುಮಾರಿಗೆ ತೆಳ್ಳಗೆ ಎತ್ತರದ ಹೆಂಗಸೊಬ್ಬರು ಒಬ್ಬರೇ ಬಂದರು. ಅಮ್ಮನದೇ ವಯಸ್ಸು. ಪೆಟ್ಟಿಗೆಯ ಅಂಚಿನ ಮೇಲೆ ಕೈಯಿಟ್ಟು ಅಮ್ಮನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕತ್ತೆತ್ತಿ ಫೋಟೋ ನೋಡಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಮತ್ತೆ ನೋಡಿದರು.

“ಇದನ್ನ ಇಲ್ಲಿ ಇಟ್ಟೋರು ಯಾರು?”

“ನಾನೇ. ನಾನೇ ಕಟ್ಟಿದ್ದು,” ಎಂದ ಅಪ್ಪ. ಬೆಳಗಿನಿಂದ ಮೊದಲ ಸಲ ಅವನ ದನಿಯಲ್ಲಿ ಒಂದಿಷ್ಟು ಹುರುಪು ಬಂದಿತ್ತು. “ಕೊನೇ ವರ್ಷದ ಫೈನಲ್ಲಿಂದು.”

“ಫೈನಲ್ ಅನ್ನೋದೇನೋ ಸರಿ. ಆದ್ರೆ ಇದು ಅವಳಲ್ಲ.”

“ಮತ್ಯಾರು?”

“ನಾನು.”

ಚಿಕ್ಕಪ್ಪ ಒಮ್ಮೆ ಫೋಟೋ ನೋಡಿದ, ಒಮ್ಮೆ ಆ ಹೆಂಗಸನ್ನು ನೋಡಿದ.

“ತಾವು ಯಾರು ಅಂತ ಗೊತ್ತಾಗ್ಲಿಲ್ಲ,” ಎಂದಳು ಮಗಳು.

“ಆ ಫೈನಲ್ಲಲ್ಲಿ ಅವಳ ಎದುರು ಆಡಿದವಳು. ಸೋತವಳು. ಹಲ್ಲಿನ ಡಾಕ್ಟರ್ ಆಗಿದ್ದೆ, ಈಗ ಬಿಟ್ಟಿದೀನಿ. ಪೇಪರಲ್ಲಿ ನೋಡಿ ಬಂದೆ.” ಅವರು ಫೋಟೋದ ಹತ್ತಿರ ಹೋಗಿ, ಮುಟ್ಟದೆ, ಬೆರಳು ತೋರಿಸಿದರು. “ಈ ಕಾಲ್ಚೀಲ ನೋಡಿ, ಜಾರಿ ಹೋಗಿದೆ. ಎಲಾಸ್ಟಿಕ್ ಸತ್ತಿತ್ತು. ಆಟದುದ್ದಕ್ಕೂ ಅದನ್ನ ಎಳ್ಕೊಳೋದೇ ಆಗಿತ್ತು ನನಗೆ. ಸೋತಿದ್ದಕ್ಕೆ ನಮ್ಮಮ್ಮ ಅದನ್ನೇ ಕಾರಣ ಅಂತ ಎಲ್ಲರ ಹತ್ರನೂ ಹೇಳ್ತಿದ್ರು.”

“ಕಾಲ್ಚೀಲ ಎಲ್ಲಾರ್ದೂ ಜಾರುತ್ತೆ,” ಎಂದ ಅಪ್ಪ.

“ಹೌದು. ಆದ್ರೆ ಇವಳು ಬಲಗೈಲಿ ಹೊಡೀತಿದಾಳೆ. ನಿಮ್ಮ ಮನೆಯವರು ಆಡ್ತಿದ್ದದ್ದು ಎಡಗೈಲಿ. ನಾವೆಲ್ಲ ಅವಳನ್ನ ಕರೀತಿದ್ದದ್ದೇ ಎಡಚಿ ಅಂತ.”

ಅಪ್ಪನ ಮುಖ ಕೆಂಪಾಯಿತು. “ಮೂವತ್ನಾಲ್ಕು ವರ್ಷ ಸಂಸಾರ ಮಾಡಿದೀನಿ ತಾಯಿ. ಬರೆಯೋದು ಬಲಗೈ, ಚಾಕು ಹಿಡಿಯೋದು ಬಲಗೈ, ಅಂಗಡೀಲಿ ನನಗೆ ಮೊಳೆ ಹೊಡೆದು ಕೊಡ್ತಿದ್ದದ್ದು ಬಲಗೈ. ನನ್ನ ಹೆಂಡತಿ ಕೈ ನನಗೆ ಗೊತ್ತಿಲ್ವಾ?”

“ಅದೆಲ್ಲ ಬಲಗೈಯೇ. ಕೋರ್ಟಲ್ಲಿ ಮಾತ್ರ ಎಡಗೈ.”

“ಸೋತವರಿಗೆ ಈಗ ಗಾಜಿನ ಮೇಲೆ ಬರೋ ಆಸೆ ಬಂತೇನೋ,” ಎಂದಳು ಸೋದರತ್ತೆ, ಯಾರಿಗೂ ಅಲ್ಲ ಎಂಬಂತೆ.

“ಅಕ್ಕಾ, ಅವರು ಬೇಡ ಅಂತಿದಾರೆ,” ಎಂದ ಚಿಕ್ಕಪ್ಪ. “ಆಸೆ ಇದ್ದವರಾದ್ರೆ ಸುಮ್ನೆ ಇರ್ತಿದ್ರು.”

“ಸೋತು, ಗೆದ್ದವಳ ಹೆಸರು ಹಚ್ಕೊಂಡು ಗೋಡೆ ಹತ್ತೋದಕ್ಕೆ ನಂಗೆ ನಾಚಿಕೆ ಆಗಲ್ವಾ?” ಎಂದರು ಹಲ್ಲಿನ ಡಾಕ್ಟರು. “ನೀವು ಅವಳನ್ನ ನನ್ನ ಚಿತ್ರದ ಕೆಳಗೆ ಹೂಳ್ತಿದೀರಿ.”

ಅಪ್ಪ ಹೊರಗೆ ನಡೆದುಬಿಟ್ಟ.

*

ಇಪ್ಪತ್ತು ವರ್ಷದ ಹಿಂದೆ, ಮದುವೆಯ ದಿನದ ನೆನಪಿಗೆಂದು, ಅಪ್ಪ ಗುಟ್ಟಾಗಿ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿದ್ದ. ಹಳೆಯ ವಾರ್ಷಿಕ ಸಂಚಿಕೆಯಲ್ಲಿ ಒಂದು ಚಿತ್ರವಿತ್ತು: ಅಂತಿಮ ಪಂದ್ಯದಲ್ಲಿ ನಮ್ಮ ಚಾಂಪಿಯನ್. ನೆಟ್ಟಿನ ಈ ಬದಿ ಒಬ್ಬಳು ದೊಡ್ಡದಾಗಿ, ನಡುವೆ, ಬಲಗೈ ಚಾಚಿ. ಆ ಬದಿ ಇನ್ನೊಬ್ಬಳು ದೂರದಲ್ಲಿ, ಚಿಕ್ಕದಾಗಿ, ಮಸುಕಾಗಿ. ಯಾರು ಯಾರೆಂದು ಬರೆದಿರಲಿಲ್ಲ. ಅಪ್ಪನಿಗೆ ಅದು ಪ್ರಶ್ನೆಯೆಂದೇ ಅನ್ನಿಸಲಿಲ್ಲ. ನಡುವೆ ಇರುವವರದೇ ಚಿತ್ರ. ಅಂಚಿನಲ್ಲಿ ಬಂದವರು ಕಟ್ಟಿಗೆ ಅಡ್ಡಿ. ಎಷ್ಟೋ ಗುಂಪು ಚಿತ್ರಗಳಿಂದ ಅವನು ಅರ್ಧ ಭುಜಗಳನ್ನೂ ಯಾರದೋ ಮೊಣಕೈಗಳನ್ನೂ ಕತ್ತರಿಸಿ ತೆಗೆದಿದ್ದ. ಚಿತ್ರವನ್ನು ದೊಡ್ಡದು ಮಾಡಿಸಿ ತಂದು, ಆ ಬದಿಯನ್ನು ಒಂದೇ ಗೆರೆಗೆ ಕತ್ತರಿಸಿ ತೆಗೆದ.

ಅಮ್ಮ ಕೆಲಸ ಮುಗಿಸಿ ಬಂದಾಗ ಅದು ಗೋಡೆಯ ಮೇಲಿತ್ತು. ಅವಳು ಚೀಲ ಕೆಳಗಿಡದೆ ನೋಡಿದಳು.

“ಎಲ್ಲಿ ಸಿಕ್ತು?”

“ಸಿಕ್ತು. ಹೇಗಿದೆ ಹೇಳು.”

“ಹೊಡೆತ ತುಂಬ ಚೆನ್ನಾಗಿದೆ,” ಎಂದಳು ಅಮ್ಮ. ಸ್ವಲ್ಪ ಹೊತ್ತಿನ ಮೇಲೆ, “ಇದ್ರಲ್ಲಿ ಇನ್ನೊಬ್ಬಳು ಇರ್ಬೇಕಲ್ಲ? ಆ ಕಡೆ?”

“ಇದ್ದಳು ಯಾರೋ. ಕತ್ತರಿಸಿ ಹಾಕಿದೆ.”

“ಎಲ್ಲಿ ಆ ತುಂಡು?”

“ಕಸದ ಬುಟ್ಟೀಲಿ. ಬೆಳಿಗ್ಗೆಯೇ ಹೋಯ್ತು.”

ಅಮ್ಮ ಗೋಡೆಗೆ ಒರಗಿ ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಹನ್ನೆರಡು ವರ್ಷದ ಮಗಳು ಒಳಗಿನಿಂದ ಓಡಿ ಬಂದು ನೋಡಿದಾಗ, ಅಪ್ಪನೂ ಕಾರಣ ಗೊತ್ತಿಲ್ಲದೆ ಜೊತೆಗೆ ನಗುತ್ತಿದ್ದ. “ಇರ್ಲಿ ಬಿಡಿ,” ಎಂದಿದ್ದಳು ಅಮ್ಮ, ತೋಳಿನಲ್ಲೇ ಮುಖ ಒರೆಸಿಕೊಂಡು. “ಇಷ್ಟು ಚೆನ್ನಾಗಿ ಕಟ್ಟಿದೀರಿ. ಇರ್ಲಿ.”

*

“ಸಿಟ್ಟು ಬರ್ಸೋಕೆ ಬಂದವಳಲ್ಲಮ್ಮ ನಾನು,” ಎಂದರು ಹಲ್ಲಿನ ಡಾಕ್ಟರು. ಮಗಳು ಅವರನ್ನು ಪಕ್ಕದ ಚಿಕ್ಕ ಕೋಣೆಗೆ ಕರೆದುಕೊಂಡು ಹೋಗಿ ಟೀ ಕೊಟ್ಟಿದ್ದಳು. ಕೋಚ್ ಮೇಡಂ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು.

“ನೀವು ಹೇಳೋದು ಸುಳ್ಳು ಅಂತ ಅಲ್ಲ,” ಎಂದಳು ಮಗಳು. “ಆದ್ರೆ ನಾನು ಒಂದು ದಿನವೂ ಅಮ್ಮ ಎಡಗೈಲಿ ಒಂದು ಲೋಟ ಎತ್ತಿದ್ದು ನೋಡಿಲ್ಲ. ಯಾಕೆ ಹಾಗೆ?”

ಡಾಕ್ಟರು ಟೀಯನ್ನು ಕೆಳಗಿಟ್ಟರು. “ನಾನೂ ಅವಳನ್ನ ಅದನ್ನೇ ಕೇಳಿದ್ದೆ.”

*

ಪಂದ್ಯ ಮುಗಿದ ಮೇಲೆ ಇಬ್ಬರೂ ಕೋರ್ಟಿನ ಹಿಂದಿನ ನಲ್ಲಿಗೆ ಹೋಗಿದ್ದರು. ಒಂದೇ ನಲ್ಲಿ. ಗೆದ್ದವಳು, “ನೀನು ಮೊದಲು ಕುಡಿ,” ಎಂದು ಸೋತವಳಿಗೆ ಬಿಟ್ಟುಕೊಟ್ಟಳು.

“ಆಗ ಸ್ಕೋರಿನ ಚೀಟಿಗೆ ರುಜು ಹಾಕಿದ್ದು ಬಲಗೈಲಿ,” ಎಂದಳು ಸೋತವಳು, ಬಾಯಿ ಒರೆಸಿಕೊಳ್ಳುತ್ತ. “ನನ್ನ ಪ್ರಾಣ ತೆಗೆದದ್ದು ಎಡಗೈಲಿ. ಒಟ್ಟು ಎಷ್ಟು ಜನ ನೀನು?”

ಗೆದ್ದವಳು ಎಡಗೈಯನ್ನು ನೀರಿಗೆ ಹಿಡಿದಳು. ಅಂಗೈಯಲ್ಲಿ ಗುಳ್ಳೆ ಒಡೆದು ಕೆಂಪಾಗಿತ್ತು. “ಹುಟ್ಟಿದ್ದು ಇದು. ಆ ಇನ್ನೊಬ್ಬಳನ್ನ ಸ್ಕೂಲಲ್ಲಿ ಮಾಡಿದ್ದು. ಒಂದನೇ ಕ್ಲಾಸಿನ ಟೀಚರ್ ದಿನಾ ನನ್ನ ಜಡೆ ರಿಬ್ಬನ್ ಬಿಚ್ಚಿ, ಅದ್ರಲ್ಲೇ ಎಡಗೈನ ಬೆಂಚಿಗೆ ಕಟ್ಟೋರು. ಮನೆಗೆ ಹೋದ್ರೆ ಅಜ್ಜಿ. ಎಡಗೈ ಮುಂದೆ ಬಂದ್ರೆ ಸೌಟು.”

“ಮತ್ತೆ ಇದು?”

“ಒಂಬತ್ತು ವರ್ಷಕ್ಕೆ ಚೆಂಡು ಹೆಕ್ಕೋಕೆ ಅಂತ ಕ್ಲಬ್ಬಿಗೆ ಹೋಗ್ತಿದ್ದೆ. ಒಂದಿನ ಯಾರೋ ಬಿಟ್ಟು ಹೋದ ರ್‍ಯಾಕೆಟ್ ಎತ್ಕೊಂಡೆ. ನೋಡಿದ್ರೆ ಎಡಗೈಲಿ ಇದೆ. ಬೈತಾರೆ ಅಂತ ಹಾಗೇ ಕಾದೆ. ಯಾರೂ ಬೈಲಿಲ್ಲ. ಚೆಂಡು ಆ ಕಡೆ ಹೋದ್ರೆ ಸಾಕು ಅಷ್ಟೇ, ಅಲ್ಲಿ ಯಾರೂ ಕೈ ನೋಡಲ್ಲ. ಅವತ್ತಿಂದ ಬಿಟ್ಟಿಲ್ಲ.”

“ಈಗ ಕಾಲೇಜು ಮುಗೀತಲ್ಲ. ಮುಂದೆ?”

“ಮುಂದೆ ಏನು,” ಎಂದು ನಲ್ಲಿ ನಿಲ್ಲಿಸಿದಳು ಗೆದ್ದವಳು, ಬಲಗೈಯಿಂದ. “ಆ ಇನ್ನೊಬ್ಬಳಿಗೆ ಒಂದು ಕೆಲಸ ಹುಡುಕ್ಬೇಕು.”

*

“ಆಮೇಲೆ ಒಂದೇ ಸಲ ಸಿಕ್ಕಿದ್ದು ಅವಳು, ಟೆಲಿಫೋನ್ ಆಫೀಸಿನ ಕೌಂಟರಲ್ಲಿ,” ಎಂದರು ಡಾಕ್ಟರು. “ಆಡ್ತಿಲ್ವಾ ಅಂದೆ. ಕ್ಲಬ್ಬಲ್ಲಿ ಹೆಂಗಸರಿಗೆ ಕೊಡೋದು ಮಧ್ಯಾಹ್ನ ಎರಡರಿಂದ ಮೂರು, ಆಗ ನಾನು ಇಲ್ಲಿರ್ತೀನಿ ಅಂದಳು. ಹಿಂದೆ ಸಾಲು ಉದ್ದ ಇತ್ತು. ಬಂದುಬಿಟ್ಟೆ.”

ಕೋಚ್ ಮೇಡಂ ಮೊಬೈಲಿನಲ್ಲಿ ವಾರ್ಷಿಕ ಸಂಚಿಕೆಯ ಪುಟ ತೆಗೆದು ಮಗಳಿಗೆ ಕೊಟ್ಟರು. ಕತ್ತರಿಸದ ಚಿತ್ರ. ನೆಟ್ಟಿನ ಆ ಬದಿಯವಳು ಉಗುರಿನಷ್ಟಿದ್ದಳು. ಬೆರಳುಗಳಿಂದ ಹಿಗ್ಗಿಸಿದಷ್ಟೂ ಮುಖ ಚುಕ್ಕೆಗಳಾಗಿ ಒಡೆಯುತ್ತಿತ್ತು. ಒಂದು ಕಾಲು ನೆಲ ಬಿಟ್ಟಿತ್ತು. ರ್‍ಯಾಕೆಟ್ ಎಡಗೈಯಲ್ಲಿತ್ತು, ಅದರಲ್ಲಿ ಅನುಮಾನವಿರಲಿಲ್ಲ. ಹಿಂದಿನ ಬ್ಯಾನರಿನ ಅಕ್ಷರಗಳು ನೆಟ್ಟಗೆ ಓದಲು ಬರುತ್ತಿದ್ದವು. ಚಿತ್ರ ತಿರುಗುಮುರುಗಾಗಿ ಅಚ್ಚಾಗಿರಲಿಲ್ಲ.

“ಡಬಲ್ಸ್ ಜೊತೆಗಾರ್ತೀನ ಕೇಳೋಣ ಅಂದ್ರೆ ಅವರು ಹೋಗಿ ಆರು ವರ್ಷ,” ಎಂದರು ಕೋಚ್ ಮೇಡಂ. “ನಮ್ಮ ದಾಖಲೇಲಿ ಸ್ಕೋರು ಇದೆ, ಕೈ ಇಲ್ಲ. ಗಾಜು ಕೆತ್ತಿದ ಮೇಲೆ ಅಳಿಸಕ್ಕೆ ಬರಲ್ಲ. ನೀವು ಯಾವುದು ಅಂತೀರೋ ಅದು. ಬರೀ ಹೆಸರು ಸಾಕು ಅಂದ್ರೆ ಅದೂ ಸರಿ.”

ಮಗಳು ಎದ್ದು ನಡೆದಾಡತೊಡಗಿದಳು. ಕೋಣೆ ಚಿಕ್ಕದು, ನಾಲ್ಕು ಹೆಜ್ಜೆಗೆ ಗೋಡೆ.

ಅವಳಿಗೆ ಕೆಲಸ ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ. ಅಲ್ಲಿ ಮೊದಲ ದಿನ ಕಲಿಸುವುದು ಒಂದೇ ಪಾಠ: ಚಿತ್ರ ತೆಗೆಯುವ ಮೊದಲು ಪ್ಲೇಟಿನ ಮೇಲೆ ಎಡ ಅಥವಾ ಬಲ ಎಂಬ ಸೀಸದ ಗುರುತು ಇಡಬೇಕು. ಮೂಳೆಯ ಚಿತ್ರ ಎಷ್ಟು ಸ್ಪಷ್ಟವಾಗಿದ್ದರೂ ಆ ಗುರುತು ತಪ್ಪಿದರೆ, ಡಾಕ್ಟರು ಒಳ್ಳೆಯ ಕಾಲನ್ನು ಕೊಯ್ಯುತ್ತಾರೆ. ಇದ್ದಕ್ಕಿದ್ದಂತೆ ಅವಳಿಗೆ ನೆನಪಾಯಿತು: ಅಮ್ಮ ರೇಡಿಯೋ ಕೇಳುತ್ತ ಕಿಟಕಿಯ ಹತ್ತಿರ ನಿಂತಾಗ, ಎಡಗೈಯ ಬೆರಳುಗಳು ಯಾವುದೋ ಹಿಡಿಯನ್ನು ಸುತ್ತಿದಂತೆ ಮುಚ್ಚಿ ತೆರೆಯುತ್ತಿದ್ದವು. ಆದರೆ ಇದು ಈಗ ಬೇಕೆಂದು ಹುಡುಕಿದ್ದಕ್ಕೆ ಸಿಕ್ಕ ನೆನಪಿರಬಹುದು. ಅಪ್ಪ ಹುಡುಕಿದರೆ ಅವನಿಗೆ ಬಲಗೈಯದೇ ಸಿಗುತ್ತದೆ. ನೆನಪನ್ನು ಇಟ್ಟು ಅಪ್ಪನ ಎದುರು ವಾದ ಮಾಡಲು ಬರುವುದಿಲ್ಲ. ಹೆಸರು ಮಾತ್ರ ಸಾಕು ಎಂದುಬಿಡಬಹುದು. ಹಾಗೆಂದರೆ ಮನೆಯ ಗೋಡೆಯ ಮೇಲೆ ಆ ಚಿತ್ರ ಹಾಗೇ ಇರುತ್ತದೆ, ಅಪ್ಪ ದಿನವೂ ಅದರ ಕೆಳಗೆ ಕೂತು ಊಟ ಮಾಡುತ್ತಾನೆ, ಅನುಮಾನದ ಜೊತೆ.

ಅವಳು ನಿಂತಳು. “ಅಮ್ಮ ಒಂಬತ್ತು ವರ್ಷಕ್ಕೆ ಶುರು ಮಾಡಿದ್ದು ಅಂದ್ರಲ್ಲ? ಅದು ಖಾತ್ರಿನಾ?”

“ಅವಳ ಬಾಯಲ್ಲೇ ಕೇಳಿದ್ದು,” ಎಂದರು ಡಾಕ್ಟರು.

“ಕೋಚ್ ಮೇಡಂ, ಗಾಜಿನವರಿಗೆ ಅರ್ಧ ಗಂಟೆ ತಡ ಅಂತ ಹೇಳಿ.”

*

ಅಪ್ಪ ಗೇಟಿನ ಹತ್ತಿರ ಚಿಕ್ಕಪ್ಪನ ವ್ಯಾನಿನ ಸುತ್ತ ಸುತ್ತುತ್ತಿದ್ದ. ಚಿಕ್ಕಪ್ಪ ಒಳಗೆ ಕೂತು ಅವನು ಕಿಟಕಿಗೆ ಬಂದಾಗೆಲ್ಲ ಒಂದೊಂದು ಮಾತು ಹೇಳುತ್ತಿದ್ದ.

“ಅಪ್ಪ.”

“ಆವತ್ತು ಯಾಕೆ ಅಷ್ಟು ನಕ್ಕಳು ಅವಳು?” ಎಂದ ಅಪ್ಪ, ನಿಲ್ಲದೆ. “ನಿನಗೆ ನೆನಪಿದ್ಯಾ? ಆ ತುಂಡು ಕಸಕ್ಕೆ ಹೋಯ್ತು ಅಂದ ತಕ್ಷಣ.”

“ನೆನಪಿದೆ.”

“ಇಪ್ಪತ್ತು ವರ್ಷ ಬಂದವರಿಗೆಲ್ಲ ತೋರಿಸಿದೀನಿ. ನೋಡಿ, ನನ್ನ ಹೆಂಡತಿ. ಅವಳು ಪಕ್ಕದಲ್ಲೇ ನಿಂತು ಟೀ ಕೊಡೋಳು. ಒಂದು ಸಲ ಬಾಯಿ ಬಿಟ್ಟು ಹೇಳಬಾರದಿತ್ತಾ?” ಅವನು ವ್ಯಾನಿನ ಇನ್ನೊಂದು ಬದಿಗೆ ಹೋಗಿ, ಅಲ್ಲಿಂದಲೇ ಹೇಳಿದ. “ಇಲ್ಲ, ಹೇಳೋಕೆ ಏನೂ ಇರ್ಲಿಲ್ಲ. ಅದು ಅವಳೇ. ಆ ಡಾಕ್ಟ್ರಿಗೆ ಮರೆವು. ನಲವತ್ತು ವರ್ಷ ಆಯ್ತು.”

“ಇರಬಹುದು. ಅದಕ್ಕೇ ಕೇಳೋಕೆ ಬಂದೆ. ಅಳೆದು ನೋಡೋಣ್ವಾ?”

“ಏನನ್ನ?”

“ಕೈನ. ಮೂಳೆ ಬೆಳೆಯೋ ವಯಸ್ಸಲ್ಲಿ ಆಟ ಶುರು ಮಾಡಿದ್ರೆ, ರ್‍ಯಾಕೆಟ್ ಹಿಡಿಯೋ ಕೈ ಮೂಳೆ ದಪ್ಪ ಆಗುತ್ತೆ, ಸ್ವಲ್ಪ ಉದ್ದನೂ ಆಗುತ್ತೆ. ಆಟಗಾರರು ಎಕ್ಸ್-ರೇಗೆ ಬಂದಾಗ ನಾನು ನೋಡಿದೀನಿ. ಆಟ ಬಿಟ್ರೆ ಸ್ನಾಯು ಇಳಿದು ಹೋಗುತ್ತೆ. ಉದ್ದ ಆದ ಮೂಳೆ ಮಾತ್ರ ಮತ್ತೆ ಗಿಡ್ಡ ಆಗಲ್ಲ.”

ವ್ಯಾನಿನೊಳಗಿದ್ದ ಚಿಕ್ಕಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿದ.

“ಎಲ್ಲಾರ್ಗೂ ಎರಡು ಕೈ ಒಂದೇ ಸಮ ಇರಲ್ಲ,” ಎಂದ ಅಪ್ಪ ನಿಧಾನವಾಗಿ.

“ಇರಲ್ಲ. ಒಂದೆರಡು ಮಿಲಿಮೀಟರು ಆಚೀಚೆ ಇರುತ್ತೆ, ಹೆಚ್ಚಾಗಿ ಬಲಗೈಯೇ ಉದ್ದ. ಅದಕ್ಕೇ ಮೊದಲೇ ಮಾತಾಡ್ಕೊಳೋಣ. ಮೊಣಕೈ ಮೂಳೆಯಿಂದ ಮಣಿಕಟ್ಟಿನ ಮೂಳೆ ತನಕ. ಎಡಗೈ ಅರ್ಧ ಸೆಂಟಿಮೀಟರಿಗಿಂತ ಜಾಸ್ತಿ ಉದ್ದ ಬಂದ್ರೆ, ಅವಳು ಆ ಬದಿಯವಳು, ಕತ್ತರಿಸದ ಚಿತ್ರ ಗಾಜಿಗೆ ಹೋಗುತ್ತೆ. ಅಷ್ಟು ಬರದೇ ಹೋದ್ರೆ ನೀನು ಕಟ್ಟಿದ್ದೇ ಹೋಗುತ್ತೆ. ಆಮೇಲೆ ಯಾರೂ ಮಾತಾಡೋ ಹಾಗಿಲ್ಲ. ನಾನೂ ಅಷ್ಟೇ.”

“ಸತ್ತವಳ ಮೈಮೇಲೆ ಟೇಪು ಹಿಡಿಯೋದಾ?”

“ಬೇಡ ಅಂದ್ರೆ ಬೇಡ. ಬರೀ ಹೆಸರು ಹಾಕಿಸ್ತೀನಿ.”

ಅಪ್ಪ ಎರಡು ಸುತ್ತು ಹಾಕಿದ. ಮೂರನೆಯದಕ್ಕೆ ವ್ಯಾನಿನ ಮೂತಿಯ ಹತ್ತಿರ ನಿಂತು, ಕೋಟಿನ ಜೇಬಿಗೆ ಕೈ ಹಾಕಿ ಉಕ್ಕಿನ ಟೇಪು ತೆಗೆದ. “ನೀನು ಹಿಡಿ. ಓದೋದು ನಾನು,” ಎಂದ. “ಅಳತೆ ನನ್ನ ಕೆಲಸ.”

*

ಒಂದೂ ಇಪ್ಪತ್ತಕ್ಕೆ ಮುಚ್ಚಳ ಹಾಕುವವರು ಬಂದು ನಿಂತಿದ್ದರು. ಸೋದರತ್ತೆ ಅವರನ್ನು ಹೊರಗೇ ತಡೆದು, “ಇನ್ನೊಬ್ಬರಿಗೆ ಬೇಕಾಗಿರೋದು ಮೂರಕ್ಕೆ ತಾನೇ? ಅಲ್ಲೇ ಇರಿ,” ಎನ್ನುತ್ತಿದ್ದಳು. ಅವಳು ಯಾರ ಪಕ್ಷವೆಂದು ಅವಳಿಗೇ ಗೊತ್ತಿರಲಿಲ್ಲ. ಹೊತ್ತು ಬೇಕೆಂಬುದಷ್ಟೇ ಗೊತ್ತಿತ್ತು. ಹಲ್ಲಿನ ಡಾಕ್ಟರು ಗೋಡೆಗೆ ಒರಗಿ ನಿಂತಿದ್ದರು. ಕೋಚ್ ಮೇಡಂ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

ಮಗಳು ಅಮ್ಮನ ಬಲ ತೋಳಿನ ಬಟ್ಟೆಯನ್ನು ಮೇಲಕ್ಕೆ ಮಡಚಿದಳು. ಸಾವಿರಾರು ಜನರ ಮೂಳೆ ಹುಡುಕಿದ ಬೆರಳುಗಳು ಅಮ್ಮನ ಮೊಣಕೈಯನ್ನು ಹಾಗೆ ಮುಟ್ಟಿದ್ದು ಇದೇ ಮೊದಲು. ಚರ್ಮ ತಣ್ಣಗಿತ್ತು. ಮೊಣಕೈಯ ತುದಿಯನ್ನು ಗುರುತಿಸಿ ಅಪ್ಪನ ಹೆಬ್ಬೆರಳನ್ನು ಅಲ್ಲಿ ಇಡಿಸಿದಳು. ಟೇಪು ಎಳೆದು ಮಣಿಕಟ್ಟಿನ ಗುಬುಟಿಗೆ ತಂದಳು. ಅಪ್ಪ ಕನ್ನಡಕವನ್ನು ಹಣೆಗೆ ಏರಿಸಿ ಬಗ್ಗಿದ.

“ಇಪ್ಪತ್ನಾಲ್ಕು, ಒಂದು,” ಎಂದ.

“ಇನ್ನೊಂದು ಸಲ.”

“ಇಪ್ಪತ್ನಾಲ್ಕು, ಒಂದು.”

ಮಗಳು ಮಡಚಿದ ಬಟ್ಟೆಯನ್ನು ಇಳಿಸಿ ಸರಿಮಾಡಿದಳು. ಅಪ್ಪ ಪೆಟ್ಟಿಗೆಯನ್ನು ಸುತ್ತಿಕೊಂಡು ಎಡಕ್ಕೆ ಹೋದ. ಈ ಸಲ ಅವನೇ ಬಟ್ಟೆ ಮಡಚಿದ, ನಾಲ್ಕು ಸಮನಾದ ಮಡಿಕೆ. ಹೆಬ್ಬೆರಳು ಇಡುವ ಜಾಗವನ್ನೂ ತೋರಿಸಬೇಕಾಗಲಿಲ್ಲ. ಮಗಳು ಟೇಪು ಎಳೆದು ನಿಲ್ಲಿಸಿದಳು. ಅವನು ಬಗ್ಗಿ ನೋಡಿದ. ಟೇಪನ್ನು ಬಿಡಿಸಿಕೊಂಡು ಮತ್ತೆ ಮೊದಲಿನಿಂದ ಇಟ್ಟ. ಉಗುರಿನಿಂದ ಗೆರೆಯನ್ನು ಒತ್ತಿ ಹಿಡಿದ. ಆ ಕೈಯನ್ನು ಒಂದು ಕ್ಷಣ ತನ್ನ ಅಂಗೈಯಲ್ಲಿ ತೂಗಿದ.

“ಎಷ್ಟು ಅಪ್ಪ?”

ಅಪ್ಪ ತಲೆ ಎತ್ತಿದ. ಅಂಗಡಿಯಲ್ಲಿ ಹಿಂದಿನ ಕೋಣೆಯಿಂದ ಅಮ್ಮನಿಗೆ ಅಳತೆ ಕೂಗಿ ಹೇಳುತ್ತಿದ್ದ ದನಿಯಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದ:

“ಇಪ್ಪತ್ನಾಲ್ಕು ಸೆಂಟಿಮೀಟರು, ಒಂಬತ್ತು ಮಿಲಿಮೀಟರು.”